ಕಂಪ್ಯೂಟರಿನೊಳಗಿಂದ ಹೊರಟ ಹರಿಹರ ಬಸ್ಸು

೧೯೯೯ನೇ ಇಸವಿ. ಯುಗಾದಿ ಮುಗಿದು ಬಿಸಿಲು ನೆತ್ತಿ ಸುಡುತ್ತಿದ್ದ ದಿನಗಳು. ನಾನು ಆಗ ದಾವಣಗೆರೆಯ ಒಂದು ಕಂಪ್ಯೂಟರ್ ಸೆಂಟರ್‌ನಲ್ಲಿ ಕೆಲಸಕ್ಕಿದ್ದೆ. ಮನೆ ಹರಿಹರದಲ್ಲಿ, ದಿನಾ ಬಸ್ಸಿನಲ್ಲಿ ಓಡಾಟ. ಬೆಳಿಗ್ಗೆ ಹೆಣ್ಣುಮಕ್ಕಳಿಗೆ ಕಂಪ್ಯೂಟರಿನಲ್ಲಿ ಟೈಪಿಂಗ್ ಕಲಿಸುವುದು, ಮಧ್ಯಾಹ್ನದ ಮೇಲೆ ಕೌಂಟರಿನಲ್ಲಿ ಕೂತು ಬಂದವರನ್ನು ಸುಧಾರಿಸುವುದು, ಇದು ನನ್ನ ಕೆಲಸ. ಸುಧಾರಿಸುವುದು ಎಂದರೆ ಬಹಳ ಮಟ್ಟಿಗೆ ಗದರುವುದೇ ಆಗಿತ್ತು. ನನ್ನ ಬಾಯಿ ಸ್ವಲ್ಪ ಜೋರು ಎಂದು ಮನೆಯಲ್ಲೂ ಹೇಳುತ್ತಿದ್ದರು.

ಮಧ್ಯಾಹ್ನವಾದರೆ ಎಂಜಿನಿಯರಿಂಗ್ ಕಾಲೇಜಿನ ಹುಡುಗರ ದಂಡು ಬರುತ್ತಿತ್ತು. ನಮ್ಮಲ್ಲಿದ್ದ ಕಂಪ್ಯೂಟರುಗಳನ್ನು ವೈರಿನಿಂದ ಒಂದಕ್ಕೊಂದು ಜೋಡಿಸಿದ್ದರಿಂದ ಎಲ್ಲರೂ ಒಂದೇ ಆಟದೊಳಗೆ ಹೊಕ್ಕು ಒಬ್ಬರಿಗೊಬ್ಬರು ಬಂದೂಕಿನಿಂದ ಹೊಡೆಯಬಹುದಿತ್ತು. ಸತ್ತವನು ಸ್ವಲ್ಪ ಹೊತ್ತಿಗೆ ಎದ್ದು ಬಂದು ತನ್ನನ್ನು ಕೊಂದವನನ್ನು ಹುಡುಕಿಕೊಂಡು ಹೋಗುತ್ತಿದ್ದ. ಇದರಲ್ಲಿ ಏನು ಸುಖವೋ ನನಗೆ ಅರ್ಥವಾಗಲಿಲ್ಲ. ಅಪ್ಪ ಅವ್ವ ಹೊಟ್ಟೆ ಬಟ್ಟೆ ಕಟ್ಟಿ ಓದಲು ಕಳಿಸಿದ್ದರೆ ಇವರು ಇಲ್ಲಿ ಸತ್ತು ಸತ್ತು ಏಳುತ್ತಿದ್ದಾರಲ್ಲ ಎಂದು ಸಿಟ್ಟು ಬರುತ್ತಿತ್ತು.

ಆ ಆಟವನ್ನು ಇದ್ದ ಹಾಗೆ ಆಡುವುದೂ ಅವರಿಗೆ ಸಾಕಾಗಿತ್ತು. ಅದರೊಳಗಿನ ಗೋಡೆ, ಬೀದಿ, ಚಿತ್ರ ಎಲ್ಲವನ್ನೂ ಆಡುವವರೇ ಬದಲಾಯಿಸಬಹುದಂತೆ. ಗಾಯವಾದವನಿಗೆ ಜೀವ ತುಂಬುವ ಔಷಧಿ ಡಬ್ಬಿಯ ಮೇಲೆ ಒಬ್ಬ ಬೆಣ್ಣೆದೋಸೆಯ ಚಿತ್ರ ಹಚ್ಚಿದ್ದ. ಗುಂಡು ತಿಂದು ಸಾಯುವಾಗ ದೋಸೆಯ ಮೇಲೆ ಹಾದುಹೋದರೆ ಸಾಕು, ಜೀವ ಬರುತ್ತಿತ್ತು. ಕುಕ್ಕುವಾಡದಿಂದ ಬರುತ್ತಿದ್ದ ಮಂಜುನಾಥ ಎಂಬ ಹುಡುಗ ಇದನ್ನೆಲ್ಲ ನನಗೆ ಉತ್ಸಾಹದಿಂದ ತೋರಿಸುತ್ತಿದ್ದ. ಇರುವುದರಲ್ಲಿ ಅವನೊಬ್ಬನೇ ಸ್ವಲ್ಪ ಮರ್ಯಾದೆಯ ಹುಡುಗ.

ಇಲ್ಲಿ ಅಪ್ಪನ ವಿಷಯ ಹೇಳಬೇಕು. ಅಪ್ಪ ದಾವಣಗೆರೆಯ ಖಾಸಗಿ ಬಸ್ ನಿಲ್ದಾಣದಲ್ಲಿ ಏಜೆಂಟರಾಗಿದ್ದರು. ಬಾತಿ ಊರಿನ ಮೇಲೆ ಹರಿಹರಕ್ಕೆ ಹೋಗುವ ಬಸ್ಸುಗಳಿಗೆ ಜನರನ್ನು ಕೂಗಿ ಹತ್ತಿಸುವುದು ಅವರ ಕೆಲಸ. ನಾನು ಹುಟ್ಟುವ ಮೊದಲಿನಿಂದಲೂ ಅದೇ ಕೆಲಸ ಮಾಡಿದವರು. ಅವರ ಕೂಗು ನಿಲ್ದಾಣದ ಆಚೆಯ ಬೀದಿಗೂ ಕೇಳುತ್ತದೆ ಎಂದು ಜನ ತಮಾಷೆ ಮಾಡುತ್ತಿದ್ದರು. ಅಂಥವರಿಗೆ ಇದಕ್ಕೆ ಕೆಲವು ವರ್ಷ ಮೊದಲು ಗಂಟಲಿನಲ್ಲೇ ಗಡ್ಡೆಯಾಯಿತು. ಡಾಕ್ಟರು ಜೀವ ಉಳಿಯಬೇಕಾದರೆ ಧ್ವನಿಪೆಟ್ಟಿಗೆ ತೆಗೆಯಲೇಬೇಕು ಎಂದರು, ತೆಗೆದರು. ಜೀವ ಉಳಿಯಿತು, ದನಿ ಹೋಯಿತು. ಕತ್ತಿನ ಕೆಳಗೆ ಉಸಿರಾಡಲು ಮಾಡಿದ ತೂತನ್ನು ಹೆಗಲ ಮೇಲಿನ ವಲ್ಲಿಯಿಂದ ಮುಚ್ಚಿಕೊಂಡು ಅಪ್ಪ ಮನೆಯಲ್ಲಿ ಕೂತರು. ಅವ್ವ ಮನೆ ಮುಂದೆ ಮಂಡಕ್ಕಿ ಮೆಣಸಿನಕಾಯಿ ವ್ಯಾಪಾರ ಶುರು ಮಾಡಿದಳು. ಅಪ್ಪ ಈರುಳ್ಳಿ ಹೆಚ್ಚಿ ಕೊಡುತ್ತಿದ್ದರು. ಏನಾದರೂ ಹೇಳಬೇಕಾದರೆ ಚಪ್ಪಾಳೆ ತಟ್ಟಿ ನಮ್ಮನ್ನು ತಿರುಗಿಸಿಕೊಂಡು, ಬರೀ ತುಟಿ ಆಡಿಸುತ್ತಿದ್ದರು. ಬರುಬರುತ್ತಾ ಅದನ್ನು ನೋಡಿ ಅರ್ಥ ಮಾಡಿಕೊಳ್ಳುವುದು ನಮಗೆ ರೂಢಿಯಾಯಿತು.

ಒಂದು ಭಾನುವಾರ ಅವ್ವ ಕಡಲೆಹಿಟ್ಟು ಕಲಸುತ್ತಾ ಇದ್ದಕ್ಕಿದ್ದಂತೆ ಕೈ ನಿಲ್ಲಿಸಿದಳು.

"ಸುಮಾ, ನಿಮ್ಮಪ್ಪ ನನ್ನ ಏನಂತ ಕರೀತಿದ್ರು ಅನ್ನೋದು ನೆನಪೈತೆ. ಆದ್ರೆ ದನಿ ಹೆಂಗಿತ್ತು ಅನ್ನೋದು ನೆನಪಿಗೆ ಬರವಲ್ದು ನೋಡು. ಎಷ್ಟು ಯೋಚ್ನೆ ಮಾಡಿದ್ರೂ ಬರವಲ್ದು" ಎಂದಳು.

"ಅದೇನವ್ವಾ, ಅಷ್ಟು ಬೇಗ ಮರೆತುಬಿಟ್ಯಾ" ಎಂದು ಆಡಿಕೊಂಡು ನಾನೂ ನೆನಪು ಮಾಡಿಕೊಳ್ಳಲು ಹೋದೆ. ಬರಲಿಲ್ಲ. ಅಪ್ಪ ಹೇಳಿದ ಮಾತುಗಳೆಲ್ಲ ನೆನಪಿದ್ದವು. ಆದರೆ ಅವು ಎಲ್ಲವೂ ನನ್ನ ದನಿಯಲ್ಲೇ ಕೇಳುತ್ತಿದ್ದವು. ನನಗೆ ಭಯವಾಯಿತು. ದಿನವಿಡೀ ಕೂಗುತ್ತಿದ್ದ ಮನುಷ್ಯನ ದನಿಯನ್ನು ಯಾರು ಕ್ಯಾಸೆಟ್ಟಿನಲ್ಲಿ ಹಿಡಿದಿಡುತ್ತಾರೆ? ನಮ್ಮ ಮನೆಯಲ್ಲಿ ಅವರ ಒಂದು ಕೆಮ್ಮು ಕೂಡ ಉಳಿದಿರಲಿಲ್ಲ. ಅವ್ವ ಮತ್ತೆ ಆ ವಿಷಯ ಎತ್ತಲಿಲ್ಲ. ಆದರೆ ಅಪ್ಪ ತುಟಿ ಆಡಿಸುವಾಗ ಅವಳು ಅವರ ಮುಖವನ್ನು ಹುಡುಕುವಂತೆ ನೋಡುವುದು ನನ್ನ ಕಣ್ಣಿಗೆ ಬೀಳುತ್ತಿತ್ತು.

ಇದಾಗಿ ಕೆಲವು ವಾರ ಕಳೆದಿರಬೇಕು. ಒಂದು ಮಧ್ಯಾಹ್ನ ಕೌಂಟರಿನಲ್ಲಿ ತೂಕಡಿಸುತ್ತಾ ಕೂತಿದ್ದೆ. ಒಳಗೆ ಹುಡುಗರ ಯುದ್ಧ ನಡೆದಿತ್ತು. ಆಗ ಕೇಳಿತು.

"ಬಾತಿ, ಹರಿಹರ್... ಹರಿಹರ್ ಹರಿಹರ್ ಹರಿಹರ್. ಸೀಟ್ ಐತೆ ಬರ್ರಿ."

ಅಪ್ಪ ಬಂದಿದ್ದಾರೆ ಎಂದುಕೊಂಡೆ. ಎದ್ದು ಬಾಲ್ಕನಿಗೆ ಹೋಗಿ ಕೆಳಗೆ ಬಗ್ಗಿ ನೋಡಿದೆ. ಕಬ್ಬಿನ ಹಾಲಿನ ಗಾಡಿ ಇತ್ತು, ಒಂದು ಆಟೋ ನಿಂತಿತ್ತು. ಎಲ್ಲಿ ಹೋದರು ಎಂದು ಆ ಕಡೆ ಈ ಕಡೆ ಕತ್ತು ಚಾಚಿದೆ. ಆಮೇಲೆ ನೆನಪಾಯಿತು, ಅಪ್ಪ ಕೂಗಲಾರರು. ಬಾಲ್ಕನಿಯ ಕಂಬಿ ಹಿಡಿದು ನಿಂತೆ. ಅಷ್ಟರಲ್ಲಿ ಅದೇ ಕೂಗು ಮತ್ತೆ ಬೆನ್ನ ಹಿಂದಿನಿಂದ, ಸೆಂಟರಿನ ಒಳಗಿಂದಲೇ ಬಂತು.

ನಾನು ಒಳಗೆ ಓಡಿದೆ. ನನ್ನ ಮುಖ ನೋಡಿ ಹುಡುಗರೆಲ್ಲ ಸೌಂಡ್ ಕಡಿಮೆ ಮಾಡಿಬಿಟ್ಟರು.

"ಸಾರಿ ಮೇಡಂ, ಇನ್ನ ಗಲಾಟೆ ಮಾಡಲ್ಲ" ಎಂದ ಒಬ್ಬ.

"ಈಗ ಕೂಗಿದ್ದು ಯಾರು?"

"ನಾವು ಯಾರೂ ಕೂಗಿಲ್ಲ ಮೇಡಂ."

"ಹರಿಹರ ಹರಿಹರ ಅಂದಿದ್ದು ಯಾರು ಅಂತ ಕೇಳಿದೆ."

ಎಲ್ಲರೂ ಮುಖ ಮುಖ ನೋಡಿಕೊಂಡರು. ಕೊನೆಗೆ ಮಂಜುನಾಥ ಹೇಳಿದ. "ಅದು ಆಟದಾಗ ಐತೆ ಮೇಡಂ. ಹೊಸ ಜಾಗ ಹಾಕೀವಿ. ಬೇರೆ ಬೇರೆ ದೇಶದೋರು ತಮ್ಮ ಊರು, ತಮ್ಮ ಆಫೀಸು ಎಲ್ಲಾ ಆಟದೊಳಗ ಕಟ್ಟಿ ಇಂಟರ್‌ನೆಟ್‌ನಾಗ ಬಿಡ್ತಾರೆ. ಯಾರು ಬೇಕಾದ್ರೂ ಇಳಿಸ್ಕೊಂಡು ಆಡಬೋದು. ಇವನ್ಯಾರೋ ನಮ್ಮ ಬಸ್ ಸ್ಟ್ಯಾಂಡೇ ಕಟ್ಟಿಬಿಟ್ಟಾನೆ ನೋಡ್ರಿ."

"ಯಾರು ಅವನು?"

"ಗೊತ್ತಿಲ್ಲ ಮೇಡಂ. ಕಂಡಕ್ಟರ್ ಅಂತ ಹೆಸರಿಟ್ಕೊಂಡಾನೆ. ಆಟದಾಗ ಯಾರೂ ನಿಜವಾದ ಹೆಸರು ಹಾಕಲ್ಲ."

ನನಗೆ ತಲೆಬುಡ ತಿಳಿಯಲಿಲ್ಲ. ಬಸ್ ನಿಲ್ದಾಣವನ್ನು ಕಟ್ಟುವುದು ಎಂದರೇನು, ಅದರೊಳಗೆ ಅಪ್ಪ ಹೇಗೆ ಬಂದರು? ಅಥವಾ ಅದು ಅಪ್ಪನೇ ಅಲ್ಲವೋ? ಹರಿಹರಕ್ಕೆ ಕೂಗುವ ಏಜೆಂಟರು ಎಷ್ಟೋ ಜನ ಇದ್ದರು. ಇನ್ನೊಮ್ಮೆ ಕೇಳಿಸಿ ಎಂದೆ. ಬಸ್ಸಿನ ಬಾಗಿಲ ಹತ್ತಿರ ಹೋಗಿ ನಿಂತರೆ ಮಾತ್ರ ಅದು ಕೂಗುತ್ತದೆ ಎಂದು ಮಂಜುನಾಥ ಹೇಳಿ, ತಾನು ಎದ್ದು ತನ್ನ ಕುರ್ಚಿಯನ್ನು ನನಗೆ ಬಿಟ್ಟುಕೊಟ್ಟ. ನನ್ನ ಹೆಸರಿನ ಜಾಗದಲ್ಲಿ "ಮೇಡಂ" ಎಂದು ಟೈಪ್ ಮಾಡಿದ.

ಹೀಗೆ ನಾನು ಜೀವನದಲ್ಲಿ ಮೊದಲ ಸಲ ಬಂದೂಕು ಹಿಡಿದು ದಾವಣಗೆರೆ ಬಸ್ ನಿಲ್ದಾಣಕ್ಕೆ ಹೋದೆ. ನಡೆಯಲು ಕೀಬೋರ್ಡಿನ ಮೇಲೆ ಒಂದು ಕೈ, ನೋಡಲು ಮೌಸಿನ ಮೇಲೆ ಇನ್ನೊಂದು ಕೈ. ನಾನು ಗೋಡೆಗೆ ಮುಖ ಒತ್ತಿಕೊಂಡು ನಿಂತೆ, ಆಮೇಲೆ ಮೇಲ್ಛಾವಣಿ ನೋಡುತ್ತಾ ಹಿಂದಕ್ಕೆ ನಡೆದೆ, ಅಷ್ಟರಲ್ಲಿ ಸತ್ತೂ ಹೋದೆ. ಮೂಲೆಯಿಂದ ಒಬ್ಬ "ಸಾರಿ ಮೇಡಂ, ನೀವಂತ ಗೊತ್ತಾಗಲಿಲ್ಲ" ಎಂದ.

ಮಂಜುನಾಥ ಎದ್ದು ನಿಂತು ಎಲ್ಲರಿಗೂ ಹೇಳಿದ. "ಯಾರೂ ಹೊಡೀಬ್ಯಾಡ್ರಪ್ಪಾ. ಮೇಡಂ ಬಸ್ ಹತ್ತಬೇಕಂತೆ."

ಆಮೇಲೆ ನಡೆದದ್ದು ವಿಚಿತ್ರ. ಅಲ್ಲಲ್ಲಿ ಅಡಗಿದ್ದ ಹುಡುಗರ ಬೊಂಬೆಗಳೆಲ್ಲ ಹೊರಗೆ ಬಂದವು. ಇಬ್ಬರು ನನ್ನ ಮುಂದೆ, ಉಳಿದವರು ಹಿಂದೆ, ಮದುಮಗಳನ್ನು ಕರೆದುಕೊಂಡು ಹೋಗುವ ಹಾಗೆ ನನ್ನನ್ನು ನಡೆಸಿಕೊಂಡು ಹೋದರು. ಸಿಮೆಂಟಿನ ಬೆಂಚು, ಟೀ ಅಂಗಡಿ, ಸೊಟ್ಟ ಅಕ್ಷರದಲ್ಲಿ ಹರಿಹರ ಎಂದು ಬರೆದ ಬೋರ್ಡು ಎಲ್ಲ ಇದ್ದವು. ಬಸ್ಸು ಬಾಗಿಲು ತೆರೆದುಕೊಂಡು ನಿಂತಿತ್ತು. ಕೂಗುವವನ ಆಕಾರ ಎಲ್ಲೂ ಇರಲಿಲ್ಲ. ನಾನು ಬಾಗಿಲ ಹತ್ತಿರ ನಿಂತ ಕೂಡಲೇ ದನಿ ಬಂತು.

"ಬಾತಿ, ಹರಿಹರ್... ಹರಿಹರ್ ಹರಿಹರ್ ಹರಿಹರ್. ಸೀಟ್ ಐತೆ ಬರ್ರಿ. ಏ ತಾಯಿ, ಕೂಸು ಇಲ್ಲಿ ಕೊಡು, ನೀ ಮೊದ್ಲು ಹತ್ತು."

ನನ್ನ ಕಣ್ಣು ತುಂಬಿ ಪರದೆ ಕಾಣದಾಯಿತು. ಹುಡುಗರು ಗಾಬರಿಯಾದರು. ಯಾವ ಮೇಡಂ ತಮ್ಮನ್ನು ದಿನಾ ಬೈಯುತ್ತಿದ್ದಳೋ ಅವಳು ಬಂದೂಕಿನ ಆಟ ಆಡುತ್ತಾ ಅಳುತ್ತಿದ್ದರೆ ಅವರಾದರೂ ಏನು ಮಾಡಿಯಾರು? ನಾನು ವಿಷಯ ಹೇಳಿದೆ. ಅವರಲ್ಲೊಬ್ಬ, ಹಿಂದೆ ತಮ್ಮ ಕಾಲೇಜಿನ ನಾಟಕಕ್ಕೆಂದು ಸೀನಿಯರ್‌ಗಳು ಟೇಪ್‌ರೆಕಾರ್ಡರ್ ತೆಗೆದುಕೊಂಡು ಹೋಗಿ ಬಸ್ ನಿಲ್ದಾಣದ ಗಲಾಟೆಯನ್ನು ರೆಕಾರ್ಡ್ ಮಾಡಿದ್ದರಂತೆ, ಅದೇ ಇರಬಹುದು ಎಂದ. ಆ ಸೀನಿಯರ್‌ಗಳು ಯಾರು, ಈಗೆಲ್ಲಿದ್ದಾರೆ ಎಂಬುದು ಅವನಿಗೆ ತಿಳಿಯದು.

ಆ ಸಂಜೆ ಮನೆಗೆ ಹೋಗಿ ಏನೂ ಹೇಳಲಿಲ್ಲ. ಅಪ್ಪನದು ಅಲ್ಲದಿದ್ದರೆ ಅವ್ವನಿಗೆ ಆಸೆ ಹಚ್ಚಿ ನಿರಾಸೆ ಮಾಡಿದ ಹಾಗಾಗುತ್ತದೆ ಎಂದು ಹೆದರಿಕೆ. ಅಳುವಾಗ ನನಗೆ ಖಾತ್ರಿಯಿತ್ತು, ಬಸ್ಸಿನಲ್ಲಿ ಬರುವಷ್ಟರಲ್ಲಿ ಅನುಮಾನ ಶುರುವಾಗಿತ್ತು. ಮರೆತ ದನಿಯನ್ನು ಅದೇ ದನಿ ಎಂದು ಗುರುತು ಹಿಡಿಯುವುದು ಹೇಗೆ? ನನಗೆ ಬೇಕಾಗಿದ್ದನ್ನೇ ನನ್ನ ಕಿವಿ ಕೇಳಿಸಿಕೊಂಡಿರಬಹುದಲ್ಲ?

ಮರುದಿನ ಹೋದಾಗ ಸೆಂಟರಿನ ಮಾಲೀಕರು ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಕಂಪ್ಯೂಟರುಗಳಿಗೆ ವೈರಸ್ ಹತ್ತಿತ್ತು.

"ಈ ಹುಡುಗ್ರು ಕಂಡಿದ್ದೆಲ್ಲಾ ಇಳಿಸ್ಕೊಂಡು ಮಷಿನ್ ಹಾಳು ಮಾಡ್ಯಾರೆ. ಶನಿವಾರ ಎಲ್ಲಾ ಅಳಿಸಿ ಹೊಸದಾಗಿ ಹಾಕಸ್ತೀನಿ. ಇನ್ನ ಆಟಗೀಟ ಎಲ್ಲಾ ಬಂದ್" ಎಂದರು.

ಹಾಗಾದರೆ ಆ ದನಿಯೂ ಹೋಗುತ್ತದಲ್ಲ, ಮತ್ತೆ ಸಿಗುತ್ತದೆಯೇ ಎಂದು ಮಂಜುನಾಥನನ್ನು ಕೇಳಿದೆ. ಆ ನಿಲ್ದಾಣವನ್ನು ಇಳಿಸಿಕೊಂಡ ಜಾಗ ಈಗ ತೆರೆಯುತ್ತಲೇ ಇಲ್ಲ ಎಂದ. ಫ್ಲಾಪಿಗೆ ಹಾಕಿದರೆ ವೈರಸ್ಸೂ ಜೊತೆಗೆ ಬರುತ್ತದೆ, ಅಲ್ಲದೆ ದನಿಯನ್ನು ಆಟದ ಒಳಗೆ ಬೆಸೆದಿರುವುದರಿಂದ ಅದನ್ನು ಬೇರೆ ಮಾಡುವುದು ತನಗೆ ಬರುವುದಿಲ್ಲ ಎಂದ. ನಮ್ಮ ಮನೆಯಲ್ಲಿ ಕಂಪ್ಯೂಟರಾದರೂ ಎಲ್ಲಿತ್ತು? ಆಗ ನನಗೇ ಹೊಳೆಯಿತು, ಪಕ್ಕದ ಮನೆಯವರ ಟೇಪ್‌ರೆಕಾರ್ಡರ್ ತಂದು ಸ್ಪೀಕರಿನ ಮುಂದೆ ಇಟ್ಟರಾಯಿತು. ಮಾಲೀಕರಿಗೆ ಇದ್ದದ್ದು ಇದ್ದಂತೆ ಹೇಳಿ, ಶುಕ್ರವಾರ ಮಧ್ಯಾಹ್ನ ಅಪ್ಪ ಅವ್ವನನ್ನು ಕರೆತಂದು ದನಿ ಹಿಡಿದುಕೊಳ್ಳಲು ಬಿಡಿ ಎಂದು ಕೇಳಿಕೊಂಡೆ. ಅವರು, "ನಿಮ್ಮ ಅಪ್ಪಾರ ಬಸ್ಸಿಗೆ ನಾನೂ ಓಡಾಡೀನಿ. ಕರ್ಕೊಂಡ್ ಬರ್ರಿ" ಎಂದರು.

ಅಪ್ಪನಿಗೆ ಕಾರಣ ಹೇಳಲಿಲ್ಲ. ನಮ್ಮ ಸೆಂಟರ್ ನೋಡಿಕೊಂಡು ಬರೋಣ ಬರ್ರಿ ಎಂದೆ. ಅವ್ವನಿಗೆ ಮಾತ್ರ ಬಸ್ಸಿನಲ್ಲಿ ಕಿವಿಯಲ್ಲಿ ಹೇಳಿದೆ. ಅವಳು ನನ್ನನ್ನು ಹುಚ್ಚಿಯನ್ನು ನೋಡುವ ಹಾಗೆ ನೋಡಿದಳು. ಕಂಪ್ಯೂಟರ್ ಎಂದರೆ ಅವಳ ಪಾಲಿಗೆ ಟೀವಿಯಂಥದ್ದೊಂದು ಡಬ್ಬಿ. ಅದರೊಳಗೆ ತನ್ನ ಗಂಡ ಬಸ್ಸಿಗೆ ಕೂಗುತ್ತಾನೆ ಎಂದರೆ ಅವಳು ಏನು ತಿಳಿಯಬೇಕು?

ಹುಡುಗರೆಲ್ಲ ಹೇಳಿದ ಹೊತ್ತಿಗೆ ಬಂದು ಕೂತಿದ್ದರು. ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿ, ಭಜನೆಯ ಹಳೇ ಕ್ಯಾಸೆಟ್ಟನ್ನು ಟೇಪ್‌ರೆಕಾರ್ಡರಿಗೆ ಹಾಕಿ ಗುಂಡಿ ಒತ್ತಿದೆ. ಮಂಜುನಾಥ ಬಸ್ಸಿನ ಕಡೆ ನಡೆದ. ಅಷ್ಟರಲ್ಲಿ ಯಾರದೋ ಬೆರಳು ತಪ್ಪಿ ಧಡಧಡ ಗುಂಡು ಹಾರಿತು. ನಾನು ಗದರಿದೆ. ಮತ್ತೆ ನಿಶ್ಶಬ್ದವಾಯಿತು. ಮಂಜುನಾಥ ಬಾಗಿಲ ಹತ್ತಿರ ನಿಂತ. ಕೂಗು ಬಂತು.

ಅವ್ವ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಇವ್ರೇ. ಇವ್ರದೇ" ಎಂದಳು. ಸೆರಗನ್ನು ಮುಖಕ್ಕೆ ಒತ್ತಿಕೊಂಡಳು.

ಅಪ್ಪ ಮಾತ್ರ ಪರದೆಯನ್ನೇ ನೋಡುತ್ತಿದ್ದರು. ಅವರ ಮುಖದಲ್ಲಿ ಏನೂ ಕಾಣಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ ಯಾರಿದು ಎಂಬಂತೆ ಕೈ ಆಡಿಸಿದರು.

"ನೀವೇ ಅಪ್ಪಾ" ಎಂದೆ.

ಅಪ್ಪ ತಲೆ ಅಲ್ಲಾಡಿಸಿ ತುಟಿ ಆಡಿಸಿದರು. "ನಾನಲ್ಲ."

"ಅಯ್ಯೋ, ನಿಮ್ಮ ಸಂಗಡ ಇಷ್ಟು ವರ್ಷ ಸಂಸಾರ ಮಾಡೀನಿ, ನನಗ ಗೊತ್ತಾಗಂಗಿಲ್ವಾ" ಎಂದಳು ಅವ್ವ. ಅಳುವಿನ ನಡುವೆಯೂ ಅವಳಿಗೆ ಸಿಟ್ಟು ಬಂದಿತ್ತು.

"ನಾನಲ್ಲ. ಇವನದು ಸಣ್ಣ ದನಿ. ನಂದು ದಪ್ಪ ಇತ್ತು" ಎಂದವು ಅಪ್ಪನ ತುಟಿಗಳು.

ನನಗೆ ಇನ್ನಷ್ಟು ಗೊಂದಲವಾಯಿತು. ಅವ್ವ ಹೌದು ಎನ್ನುತ್ತಾಳೆ. ದನಿಯ ಯಜಮಾನರೇ ನನ್ನದಲ್ಲ ಎನ್ನುತ್ತಾರೆ. ನಾನು ಯಾರನ್ನು ನಂಬಲಿ? ಮಂಜುನಾಥನಿಗೆ ಮತ್ತೆ ಹಾಕಲು ಸನ್ನೆ ಮಾಡಿದೆ. ಅವನು ಹಿಂದೆ ಸರಿದು ಮತ್ತೆ ಬಾಗಿಲಿಗೆ ಬಂದ. ಈ ಸಲ ನಾನು ಪರದೆ ಬಿಟ್ಟು ಅಪ್ಪನನ್ನೇ ನೋಡುತ್ತಿದ್ದೆ. ಹರಿಹರ್ ಹರಿಹರ್ ಎಂದು ಕೂಗು ಏರಿತು. ಕೂಸು ಇಲ್ಲಿ ಕೊಡು ಎಂದಿತು. ನೀ ಮೊದ್ಲು ಹತ್ತು ಎಂದಿತು. ಆಗ ಅಪ್ಪನ ಬಲಗೈ ತಾನಾಗಿ ಮೇಲಕ್ಕೆದ್ದು ಮೇಜಿನ ಮೇಲೆ ಎರಡು ಸಲ ಬಡಿಯಿತು. ಅದೇ ಗಳಿಗೆಗೆ ಸ್ಪೀಕರಿನೊಳಗೂ ಬಸ್ಸಿನ ತಗಡಿಗೆ ಕೈ ಬಡಿದ ಸದ್ದು ಬಂತು, ಧಡ್ ಧಡ್ ಎಂದು. ಮೊದಲು ಕೇಳಿದಾಗ ಆ ಸದ್ದು ಇದೆ ಎಂದೇ ನಾನು ಗಮನಿಸಿರಲಿಲ್ಲ.

"ಮೇಡಂ, ನೋಡಿದ್ರಾ" ಎಂದ ಮಂಜುನಾಥ ಮೆಲ್ಲಗೆ.

ಎಲ್ಲ ಹುಡುಗರೂ ನೋಡಿದ್ದರು. ಅಪ್ಪ ತಮ್ಮ ಅಂಗೈಯನ್ನು ತಾವೇ ತಿರುಗಿಸಿ ನೋಡಿಕೊಂಡರು. ನನಗಿನ್ನು ಅನುಮಾನ ಉಳಿಯಲಿಲ್ಲ. ಆದರೆ ಅಪ್ಪ ಮತ್ತೆ ತಲೆ ಅಲ್ಲಾಡಿಸಿ, ಎದ್ದು ಬಾಲ್ಕನಿಗೆ ಹೋಗಿಬಿಟ್ಟರು. ನನಗೆ ಬೇಜಾರಾಯಿತು, ಸ್ವಲ್ಪ ಕೋಪವೂ ಬಂತು. ಇಷ್ಟೆಲ್ಲ ಒದ್ದಾಡಿ ದನಿ ಹುಡುಕಿಕೊಟ್ಟರೆ ಇವರಿಗೆ ಒಪ್ಪಿಕೊಳ್ಳಲು ಏನು ಕಷ್ಟ ಎಂದುಕೊಂಡೆ.

ಮನೆಗೆ ಬಂದ ಕೂಡಲೇ ಅವ್ವ ಕ್ಯಾಸೆಟ್ ಹಾಕಿಸಿದಳು. ಮೊದಲು ಗುಂಡಿನ ಸದ್ದು ಬಂತು. ಅದರ ಹಿಂದೆಯೇ ಒಬ್ಬ ಹೆಂಗಸು ಕೀರಲು ದನಿಯಲ್ಲಿ "ಏ, ಯಾರದು ಹೊಡೆದದ್ದು, ಕೈ ಸುಮ್ನಿರಲ್ವಾ ನಿಮಗೆ" ಎಂದು ಬೈದಳು. ಕೇಳಲು ಕಿರಿಕಿರಿಯಾಗುವಂಥ ದನಿ.

"ಇದ್ಯಾರವ್ವಾ ಈ ಹೆಂಗಸು? ಅಲ್ಲಿ ಬೇರೆ ಹೆಂಗಸರು ಯಾರೂ ಇರಲಿಲ್ಲವಲ್ಲ" ಎಂದೆ.

ಅವ್ವ ನನ್ನ ಮುಖ ನೋಡಿದಳು. "ನೀನೇ ಅಲ್ಲೇನೆ" ಎಂದಳು.

ನಾನು ನಂಬಲಿಲ್ಲ. ಹಿಂದಕ್ಕೆ ತಿರುಗಿಸಿ ಮತ್ತೆ ಕೇಳಿದೆ. ಮಾತು ನನ್ನದೇ, ದನಿ ನನ್ನದಲ್ಲ. ನಾನು ಮಾತಾಡುವಾಗ ನನಗೆ ಕೇಳುವ ದನಿ ಹಾಗಿರಲೇ ಇಲ್ಲ. ಅದು ಮೆತ್ತಗಿತ್ತು, ತುಂಬಿಕೊಂಡಿತ್ತು. ಇಷ್ಟು ವರ್ಷ ಜನ ನನ್ನಿಂದ ಕೇಳುತ್ತಿದ್ದುದು ಈ ಕೀರಲನ್ನೇ? ನಾನು ತಬ್ಬಿಬ್ಬಾಗಿ ಕೂತೆ. ಹಾಗೆ ಕೂತಾಗಲೇ ಅಪ್ಪ ಯಾಕೆ ತಲೆ ಅಲ್ಲಾಡಿಸಿದರು ಎಂಬುದು ತಿಳಿಯಿತು.

ಅಪ್ಪ ಬಾಗಿಲ ಹತ್ತಿರ ನಿಂತು ಎಲ್ಲವನ್ನೂ ನೋಡುತ್ತಿದ್ದರು. ಚಪ್ಪಾಳೆ ತಟ್ಟಿ ನನ್ನನ್ನು ತಿರುಗಿಸಿಕೊಂಡರು.

"ಹಂಗಾರೆ ನೀವೆಲ್ಲ ಕೇಳ್ತಿದ್ದುದು ಇದೇನಾ?" ಎಂದು ತುಟಿಯಲ್ಲೇ ಕೇಳಿದರು.

ಹೌದು ಎಂದೆ. ಅಪ್ಪ ಆಯಿತು ಎಂಬಂತೆ ತಲೆಯಾಡಿಸಿದರು. ಆಮೇಲೆ, "ನಾ ಕೇಳ್ತಿದ್ದುದು ಬೇರೆ" ಎಂದರು.

ಆ ಶನಿವಾರ ಸೆಂಟರಿನ ಕಂಪ್ಯೂಟರುಗಳನ್ನೆಲ್ಲ ಅಳಿಸಿದರು. ಹುಡುಗರು ಓದು ಮುಗಿಸಿ ಒಬ್ಬೊಬ್ಬರಾಗಿ ಹೋದರು. ಕಂಡಕ್ಟರ್ ಯಾರು, ಅವನು ಆ ನಿಲ್ದಾಣವನ್ನು ಯಾಕೆ ಕಟ್ಟಿದ, ಅಷ್ಟು ಗಲಾಟೆಯೊಳಗೆ ಅಪ್ಪನ ಕೂಗನ್ನೇ ಯಾಕೆ ಆರಿಸಿಕೊಂಡ ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ. ಅವನು ಎಲ್ಲಿದ್ದರೂ ಚೆನ್ನಾಗಿರಲಿ. ನಮ್ಮ ಅವ್ವ ಅವನನ್ನು ಮನಸ್ಸಿನಲ್ಲೇ ಎಷ್ಟು ಹರಸಿದ್ದಾಳೋ ಲೆಕ್ಕವಿಲ್ಲ.

ಆ ಕ್ಯಾಸೆಟ್ಟನ್ನು ಅವ್ವ ಮಧ್ಯಾಹ್ನದ ಹೊತ್ತು, ವ್ಯಾಪಾರ ಇಲ್ಲದಾಗ ಹಾಕಿಕೊಳ್ಳುತ್ತಿದ್ದಳು. ಅಪ್ಪ ಇದ್ದಷ್ಟು ದಿನ, ಅದು ಶುರುವಾದ ಕೂಡಲೇ ಎದ್ದು ಹಿತ್ತಲಿಗೆ ಹೋಗುತ್ತಿದ್ದರು. ನಾವು ತಡೆಯಲಿಲ್ಲ. ನಾವು ಕಳೆದುಕೊಂಡ ದನಿ ನಮಗೆ ಸಿಕ್ಕಿತ್ತು, ಅವರು ಕಳೆದುಕೊಂಡದ್ದು ಅವರಿಗೆ ಸಿಕ್ಕಿರಲಿಲ್ಲ. ಅದನ್ನು ಹಿಡಿದಿಡಲು ಯಾವ ಟೇಪ್‌ರೆಕಾರ್ಡರಿಗೂ ಸಾಧ್ಯವಿರಲಿಲ್ಲ. ಮನೆ ತುಂಬಾ, ಊರು ತುಂಬಾ ಅವರ ಕೂಗನ್ನು ಕೇಳಿ ಬೆಳೆದವಳು ನಾನು. ಆದರೆ ಅಪ್ಪ ಒಬ್ಬರೇ ಕೇಳಿಸಿಕೊಳ್ಳುತ್ತಿದ್ದ ಆ ದಪ್ಪ ದನಿಯನ್ನು ಒಂದು ಸಲವೂ ಕೇಳಿಲ್ಲ.